ಹಿತ್ತಿಲಲ್ಲೊಂದು ನ್ಯಾರೋಗೇಜ್: ನೆಲ ಅಗೆಯುವುದರಿಂದ ಉಗಿ ಏರಿಸುವವರೆಗೆ

ಮೊದಲ ಮಳೆಗಾಲ ಮುಗಿದ ಮೇಲೆ ನನ್ನ ಹಿತ್ತಿಲ ನ್ಯಾರೋಗೇಜ್, ಅಂದರೆ ಕಿರಿದಾದ ಹಳಿಯ ಪುಟ್ಟ ಮಾದರಿ ರೈಲು, ನುಗ್ಗೆಮರದ ಬಳಿ ಬಂದಾಗಲೆಲ್ಲ ಹಳಿ ತಪ್ಪತೊಡಗಿತು. ಎಂಜಿನ್ನಿನ ಚಕ್ರ ಬಿಚ್ಚಿ ನೋಡಿದೆ, ಬೋಗಿಗಳ ಕೊಂಡಿ ಬದಲಿಸಿದೆ, ಸಿಕ್ಕಿದ್ದಕ್ಕೆಲ್ಲ ಎಣ್ಣೆ ಬಿಟ್ಟೆ. ಏನೂ ಪ್ರಯೋಜನವಾಗಲಿಲ್ಲ. ಒಂದು ದಿನ ನಮ್ಮ ಮನೆ ಕಟ್ಟಿದ ಮೇಸ್ತ್ರಿ ಸಂಪಿನ ಮುಚ್ಚಳ ಸರಿಮಾಡಲು ಬಂದವರು ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿದರು. "ಸಾರ್, ನಿಮ್ಮ ಗಾಡಿಗೆ ಏನೂ ಆಗಿಲ್ಲ. ನೆಲ ಕುಸಿದಿದೆ. ಎಲ್ಲಿಗೆ ಹೋಗಬೇಕೆಂದು ನೀರಿಗೆ ನೀವು ಹೇಳಲೇ ಇಲ್ಲವಲ್ಲ" ಎಂದರು.

ಈ ಮಾರ್ಗದರ್ಶಿಯಲ್ಲಿ ಅರ್ಧದಷ್ಟು ಆ ಒಂದು ಮಾತಿನ ವಿಸ್ತರಣೆ. ಹಿತ್ತಿಲ ರೈಲು ಎಂದರೆ ಎಲ್ಲರ ಕಣ್ಣೂ ಎಂಜಿನ್ನಿನ ಮೇಲೆ ಹೋಗುತ್ತದೆ, ದುಡ್ಡೂ ಅಲ್ಲಿಗೇ ಹೋಗುತ್ತದೆ. ಆದರೆ ರೈಲನ್ನು ಓಡಿಸುವವನು ಡ್ರೈವರ್ ಅಲ್ಲ, ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಹಿತ್ತಿಲಲ್ಲಿ ಇಬ್ಬರೂ ನೀವೇ ಆಗಿರುವುದರಿಂದ ಮೊದಲು ಯಾವ ಕೆಲಸ ಕಲಿಯಬೇಕೆಂಬುದನ್ನು ಈಗಲೇ ಹೇಳಿಬಿಟ್ಟಿದ್ದೇನೆ.

ಯಾವ ಗೇಜು, ಯಾವ ಅಳತೆ

ಗೇಜು ಎಂದರೆ ಎರಡು ಹಳಿಗಳ ನಡುವಿನ ಅಗಲ. ಈ ಹವ್ಯಾಸದಲ್ಲಿ ಎರಡು ಹಳಿಯಗಲಗಳು ಚಾಲ್ತಿಯಲ್ಲಿವೆ: 45 ಮಿ.ಮೀ. ಮತ್ತು 32 ಮಿ.ಮೀ. ಮೊದಲನೆಯದನ್ನು ಮನೆಮಾತಾಗಿಸಿದ್ದು ಜರ್ಮನಿಯ ನ್ಯೂರೆಂಬರ್ಗಿನ ಎಲ್‌ಜಿಬಿ ಎಂಬ ಮಾದರಿ ರೈಲಿನ ಬ್ರಾಂಡ್. 1968ರಲ್ಲಿ ಅವರು ಮಾರುಕಟ್ಟೆಗೆ ತಂದ ಮಾದರಿಗಳು 1:22.5 ಅಳತೆಯವು, ಅಂದರೆ ನಿಜವಾದ ರೈಲಿನ 22.5ರಲ್ಲಿ ಒಂದು ಪಾಲು. ಒಂದು ಮೀಟರನ್ನು 22.5ರಿಂದ ಭಾಗಿಸಿದರೆ 44.4 ಮಿ.ಮೀ. ಬರುತ್ತದೆ. ಅಂದರೆ 45 ಮಿ.ಮೀ. ಹಳಿ ಮೀಟರ್ ಗೇಜಿಗೆ ಹೇಳಿ ಮಾಡಿಸಿದ್ದು. ನೀಲಗಿರಿಯ ಬೆಟ್ಟದ ರೈಲು ಮೀಟರ್ ಗೇಜಿನದು. ಊಟಿಯ ಗುಂಗಿನಲ್ಲಿರುವವರು ಈ ದಾರಿ ಹಿಡಿಯಬಹುದು.

ಎರಡನೆಯದು ಬ್ರಿಟನ್ನಿನ ಕಡೆಯ ರೂಢಿ. ಒಂದು ಅಡಿಗೆ 16 ಮಿ.ಮೀ. ಎಂಬ ಲೆಕ್ಕ, ಸುಮಾರು 1:19. ವೇಲ್ಸ್‌ನ ಕಲ್ಲುಗಣಿಗಳಿಂದ ಸ್ಲೇಟು ಸಾಗಿಸುತ್ತಿದ್ದ ಎರಡಡಿ ಆಸುಪಾಸಿನ ಕಿರು ರೈಲುಗಳು ಇಲ್ಲಿ 32 ಮಿ.ಮೀ. ಹಳಿಯ ಮೇಲೆ ಸರಿಯಾಗಿ ಕೂರುತ್ತವೆ. ನಮ್ಮ ಡಾರ್ಜಿಲಿಂಗ್ ಮತ್ತು ಮಾಥೇರಾನ್ ರೈಲುಗಳೂ 610 ಮಿ.ಮೀ., ಅಂದರೆ ಎರಡಡಿಯವೇ.

ನಮ್ಮ ಊರು ಚಿಕ್ಕಬಳ್ಳಾಪುರ. ಇಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಮೂಲಕ ಬಂಗಾರಪೇಟೆಗೆ ಓಡುತ್ತಿದ್ದ ಚಿಕ್ಕ ರೈಲಿನ ಗೇಜು 762 ಮಿ.ಮೀ., ಅಂದರೆ ಎರಡೂವರೆ ಅಡಿ. ಈಗ ಅಲ್ಲಿ ಬ್ರಾಡ್‌ಗೇಜ್ ಇದೆ. ಎರಡೂವರೆ ಅಡಿಯನ್ನು 1:19ಕ್ಕೆ ಇಳಿಸಿದರೆ 40 ಮಿ.ಮೀ. ಬರುತ್ತದೆ, ಆ ಅಗಲದ ಸಿದ್ಧ ಹಳಿ ಹುಡುಕುವುದು ತಲೆನೋವು. 1:24ಕ್ಕೆ ಇಳಿಸಿದರೆ 31.75 ಮಿ.ಮೀ. ಬರುತ್ತದೆ, 32ರ ಹಳಿಗೆ ಕೂದಲೆಳೆಯಷ್ಟೇ ಅಂತರ. ಲೆಕ್ಕಕ್ಕೆ ಇದೇ ಸರಿ. ಆದರೂ ನಾನು 1:19ನ್ನೇ ಆರಿಸಿಕೊಂಡೆ, ಏಕೆಂದರೆ ಆ ಅಳತೆಯಲ್ಲಿ ಸಿದ್ಧ ಎಂಜಿನ್ನು, ಚಕ್ರ, ಕೊಂಡಿಗಳು ಹೇರಳ. ಎಲ್ಲವನ್ನೂ ಕೈಯಾರೆ ಮಾಡುವ ತಾಳ್ಮೆ ಇದ್ದವರು 1:24ಕ್ಕೆ ಹೋಗಿ, ನನಗೆ ಹೊಟ್ಟೆಕಿಚ್ಚಾಗುವಂಥದ್ದನ್ನು ಮಾಡಿ.

ಒಂದು ಎಚ್ಚರಿಕೆ: ಇವೆಲ್ಲ ನಮ್ಮ ಆಟಿಕೆ ಅಂಗಡಿಗಳಲ್ಲಿ ಸಿಗುವ ಸಾಮಾನಲ್ಲ. ವಿದೇಶದಿಂದ ತರಿಸಬೇಕು, ಸಾಗಣೆ ವೆಚ್ಚ ಮತ್ತು ಸುಂಕ ಎರಡನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಮನೆಯವರ ಮುಂದೆ ಬಜೆಟ್ ಮಂಡಿಸಿ.

ರಂಗೋಲಿ ಪುಡಿಯ ನಕ್ಷೆ

ಕಾಗದದ ಮೇಲೆ ನಕ್ಷೆ ಬರೆಯುವ ಮೊದಲು ನೆಲದ ಮೇಲೆ ಬರೆಯಿರಿ. ಎರಡು ಗೂಟ, ಒಂದು ಹುರಿ, ಒಂದು ಪೊಟ್ಟಣ ರಂಗೋಲಿ ಪುಡಿ ಸಾಕು. ಒಂದು ಗೂಟ ನೆಟ್ಟು ಹುರಿ ಕಟ್ಟಿ ತಿರುಗಿಸಿದರೆ ತಿರುವು ಬರುತ್ತದೆ. ಆಟಿಕೆ ಹಳಿಗಳಲ್ಲಿ 60 ಸೆಂ.ಮೀ. ತ್ರಿಜ್ಯದ ತಿರುವೂ ಸಿಗುತ್ತದೆ, ಪುಟ್ಟ ಎಂಜಿನ್ನುಗಳು ಅದರಲ್ಲಿ ಹೇಗೋ ನುಸುಳುತ್ತವೆ. ಆದರೆ ಉದ್ದ ಬೋಗಿಗಳು ಅಲ್ಲಿ ಸೊಂಟ ಮುರಿದವರಂತೆ ಕಾಣುತ್ತವೆ. ಡಾರ್ಜಿಲಿಂಗ್ ದಾರಿಯಲ್ಲಿ 'ಅಗೊನಿ ಪಾಯಿಂಟ್' ಎಂಬ ಕುಖ್ಯಾತ ತಿರುವಿದೆ, ತ್ರಿಜ್ಯ ಸುಮಾರು 18 ಮೀಟರ್. 1:19ರಲ್ಲಿ ಅದು 95 ಸೆಂ.ಮೀ. ಆಗುತ್ತದೆ. ನಿಜವಾದ ರೈಲೇ ನರಳುತ್ತಾ ತಿರುಗುವ ಜಾಗವದು. ಹಾಗಾಗಿ 1.2 ಮೀಟರಿಗಿಂತ ಕಡಿಮೆ ಮಾಡಬೇಡಿ, ಜಾಗವಿದ್ದರೆ ಒಂದೂವರೆಗೆ ಹೋಗಿ.

ಗೀಚಿದ್ದನ್ನು ಒಂದು ವಾರ ಹಾಗೆಯೇ ಬಿಡಿ. ಪುಡಿ ಎಲ್ಲಿ ತುಳಿತಕ್ಕೆ ಅಳಿಸುತ್ತದೋ ಅಲ್ಲಿ ಮನೆಯವರು ನಡೆದಾಡುತ್ತಾರೆ. ನಮ್ಮಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಎರಡೇ ದಿನಕ್ಕೆ ಗೆರೆ ಮಾಯವಾಯಿತು. ನಾನು ಅದನ್ನು ಲೆಕ್ಕಿಸಲಿಲ್ಲ, ಅದರ ಫಲ ಏನಾಯಿತೆಂದು ಮುಂದೆ ಹೇಳುತ್ತೇನೆ. ಆ ವಾರದಲ್ಲಿ ಒಂದು ಸಂಜೆ ಪೈಪು ಹಿಡಿದು ಇಡೀ ಹಿತ್ತಿಲಿಗೆ ಚೆನ್ನಾಗಿ ನೀರು ಬಿಟ್ಟು, ಅರ್ಧ ಗಂಟೆಯ ನಂತರ ಎಲ್ಲಿ ಕೆರೆ ಕಟ್ಟಿದೆ ನೋಡಿ. ತೆಂಗಿನ ಮರವಿದ್ದರೆ ಅದರ ಗರಿ ಬೀಳುವ ವೃತ್ತವನ್ನೂ ಗುರುತು ಮಾಡಿ. ಒಣಗರಿ ಬಿದ್ದರೆ ಹಳಿ ಬಾಗುತ್ತದೆ, ಕಾಯಿ ಬಿದ್ದರೆ ನಿಲ್ದಾಣವೇ ಹೋಗುತ್ತದೆ.

ನನ್ನ ಹಿತ್ತಿಲು 12 ಮೀಟರ್ ಉದ್ದ, 9 ಮೀಟರ್ ಅಗಲ. ಅದರಲ್ಲಿ ಉದ್ದನೆಯ ಸುತ್ತು, ಒಂದು ಬದಿಗೆ ಎರಡು ಗಾಡಿಗಳು ಎದುರುಬದುರಾಗಿ ನಿಲ್ಲಬಲ್ಲ ನಿಲ್ದಾಣ, ಇನ್ನೊಂದು ಬದಿಗೆ ಸರಕು ಇಳಿಸುವ ಒಂದು ಕವಲು. ಒಟ್ಟು ಸುತ್ತು 30 ಮೀಟರ್. ಮೊದಲ ಸಲಕ್ಕೆ ಇದಕ್ಕಿಂತ ಹೆಚ್ಚು ಪಾಯಿಂಟುಗಳನ್ನು, ಅಂದರೆ ಹಳಿ ಕವಲೊಡೆಯುವ ಜಾಗಗಳನ್ನು, ಹಾಕಬೇಡಿ. ಗಾಡಿ ಹಳಿ ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ನೆಲ

ಇಲ್ಲಿ ಆತುರ ಬೇಡ. ನಮ್ಮ ಕೆಂಪುಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಿರುತ್ತದೆ, ಅದನ್ನು ನೋಡಿ ನಂಬಿ ಕೆಟ್ಟವನು ನಾನು. ನೇರ ಮಣ್ಣಿನ ಮೇಲೆ ಹಳಿ ಇಟ್ಟು ಜಲ್ಲಿ ಸುರಿದಿದ್ದೆ. ಮಳೆ ಬಂದು ಮಣ್ಣು ಮೆತ್ತಗಾಯಿತು, ಇರುವೆಗಳು ಜಲ್ಲಿಯ ಅಡಿಯಲ್ಲಿ ಗೂಡು ತೋಡಿ ಮಣ್ಣನ್ನು ಮೇಲೆ ತಂದವು, ಗೂಡಿನ ಮೇಲಿನ ಹಳಿ ಒಂದು ಬದಿಗೆ ವಾಲಿತು. ಎರಡು ಹಳಿಗಳ ನಡುವೆ 2 ಮಿ.ಮೀ. ಏರುಪೇರಾದರೂ ಸಾಕು, ಪುಟ್ಟ ಎಂಜಿನ್ನಿನ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ.

ಎರಡನೇ ಸಲ ಮೇಸ್ತ್ರಿ ಹೇಳಿದಂತೆ ಮಾಡಿದೆ. ಗೆರೆಯ ಉದ್ದಕ್ಕೂ 20 ಸೆಂ.ಮೀ. ಅಗಲ, 15 ಸೆಂ.ಮೀ. ಆಳದ ಕಾಲುವೆ ತೋಡಿ. ಅದಕ್ಕೆ 20 ಮಿ.ಮೀ. ಜಲ್ಲಿ ತುಂಬಿ ದಿಮ್ಮಸು ಹಾಕಿ. ಇದೇ ನೀರಿನ ದಾರಿ. ಮಣ್ಣು ಸೇರಿಸಿ ಇದನ್ನು ಮುಚ್ಚಿಬಿಡಬೇಡಿ. ಜಲ್ಲಿಯ ಮೇಲೆ 4 ಇಂಚಿನ ಸಾಲಿಡ್ ಬ್ಲಾಕುಗಳನ್ನು ಮಲಗಿಸಿ ಸಾಲಾಗಿ ಜೋಡಿಸಿ, ಸಂದುಗಳಿಗೆ ಮಾತ್ರ ಗಾರೆ ತುಂಬಿ. ಇಡೀ ದಾರಿಗೆ ಕಾಂಕ್ರೀಟ್ ಸುರಿಯಬಹುದು, ಅದು ಇನ್ನೂ ಗಟ್ಟಿ. ಆದರೆ ಎರಡು ವರ್ಷದ ನಂತರ ತಿರುವು ಬದಲಿಸಬೇಕೆನಿಸಿದಾಗ ಸುತ್ತಿಗೆ ಹಿಡಿಯಬೇಕಾಗುತ್ತದೆ. ಬ್ಲಾಕುಗಳನ್ನಾದರೆ ಕಿತ್ತು ಸರಿಸಬಹುದು. ನಿಮ್ಮ ಮನಸ್ಸು ಬದಲಾಗುವುದಿಲ್ಲ ಎಂದು ನನಗೆ ಹೇಳಬೇಡಿ.

ಹಿತ್ತಿಲು ಇಳಿಜಾರಾಗಿದ್ದರೆ ನೆಲವನ್ನು ಮಟ್ಟ ಮಾಡಲು ಹೋಗಬೇಡಿ, ಹಳಿಯನ್ನು ಮಟ್ಟದಲ್ಲಿಡಿ. ನಮ್ಮಲ್ಲಿ ಅಡುಗೆಮನೆಯ ಬದಿಯಲ್ಲಿ ಹಳಿ ನೆಲದಲ್ಲಿಯೇ ಇದೆ, ಬಾವಿಯ ಬದಿಗೆ ಹೋಗುವಷ್ಟರಲ್ಲಿ 45 ಸೆಂ.ಮೀ. ಎತ್ತರದ ಕಟ್ಟೆಯ ಮೇಲಿದೆ. ಇದರಿಂದ ಎರಡು ಲಾಭ. ಬೆಟ್ಟದ ಬದಿಯಲ್ಲಿ ಸಾಗುವ ನಿಜವಾದ ನ್ಯಾರೋಗೇಜಿನ ಕಳೆ ಬರುತ್ತದೆ. ಜೊತೆಗೆ ಉಗಿ ಎಂಜಿನ್ನಿಗೆ ನೀರು, ಎಣ್ಣೆ ತುಂಬಲು ಸೊಂಟ ಬಗ್ಗಿಸಬೇಕಾಗಿಲ್ಲ. ಐವತ್ತು ದಾಟಿದವರು ಇಡೀ ದಾರಿಯನ್ನೇ ಮೊಣಕಾಲೆತ್ತರಕ್ಕೆ ಏರಿಸಿದರೂ ತಪ್ಪಿಲ್ಲ. ಕಟ್ಟೆ ಕಟ್ಟುವಾಗ ಮೀಟರಿಗೊಂದರಂತೆ ಎರಡಿಂಚಿನ ಪಿವಿಸಿ ಪೈಪಿನ ತುಂಡನ್ನು ಅಡ್ಡ ಇಟ್ಟು ನೀರಿಗೆ ತೂತು ಬಿಡಿ. ಇಲ್ಲದಿದ್ದರೆ ಕಟ್ಟೆಯೇ ಅಣೆಕಟ್ಟಾಗುತ್ತದೆ.

ಮಟ್ಟ ನೋಡಲು ದುಬಾರಿ ಯಂತ್ರ ಬೇಡ. ಮೇಸ್ತ್ರಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಟ್ಯೂಬು ಸಾಕು. ಮೀಟರಿಗೊಂದು ಗೂಟ ನೆಟ್ಟು, ಟ್ಯೂಬಿನ ಒಂದು ತುದಿಯನ್ನು ಮೊದಲ ಗೂಟಕ್ಕೆ ಹಿಡಿಸಿ ಇನ್ನೊಂದು ತುದಿಯಿಂದ ಉಳಿದವಕ್ಕೆ ಗುರುತು ಹಾಕುತ್ತಾ ಹೋಗಿ. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಲೆಕ್ಕವೆಲ್ಲ ತಪ್ಪು, ಮೊದಲೇ ತಟ್ಟಿ ಹೊರಹಾಕಿ. ಏರು ಬೇಕೇ ಬೇಕೆಂದರೆ ನೂರಕ್ಕೆ ಒಂದು, ಅಂದರೆ ಮೀಟರಿಗೆ ಒಂದು ಸೆಂಟಿಮೀಟರ್, ಸುರಕ್ಷಿತ. ಐವತ್ತಕ್ಕೆ ಒಂದರಲ್ಲಿ ಬ್ಯಾಟರಿ ಎಂಜಿನ್ನುಗಳು ಎಳೆದುಕೊಂಡು ಹೋಗುತ್ತವೆ. ಆದರೆ ವೇಗ ಹಿಡಿದಿಡುವ ವ್ಯವಸ್ಥೆಯಿಲ್ಲದ ಉಗಿ ಎಂಜಿನ್ನು ಏರಿನಲ್ಲಿ ನಿಂತು, ಇಳಿಜಾರಿನಲ್ಲಿ ಓಟ ಕೀಳುತ್ತದೆ. ನನ್ನ ಸುತ್ತು ಪೂರ್ತಿ ಮಟ್ಟ. ನಿಲ್ದಾಣವಂತೂ ಎಲ್ಲರಲ್ಲಿಯೂ ಮಟ್ಟವಾಗಿಯೇ ಇರಬೇಕು, ಇಲ್ಲದಿದ್ದರೆ ಬಿಚ್ಚಿಟ್ಟ ಬೋಗಿಗಳು ತಾವಾಗಿಯೇ ಊರಿಗೆ ಹೊರಡುತ್ತವೆ.

ಹಳಿ ಹಾಸುವುದು

32 ಮಿ.ಮೀ. ಹಳಿ ಸುಮಾರು 91 ಸೆಂ.ಮೀ., ಅಂದರೆ ಒಂದು ಗಜದ, ಬಾಗುವ ತುಂಡುಗಳಾಗಿ ಬರುತ್ತದೆ. ಹಳಿಯಡಿಯ ಅಡ್ಡಪಟ್ಟಿಗಳು, ಅಂದರೆ ಸ್ಲೀಪರುಗಳು, ಬಿಸಿಲಿಗೆ ತಡೆಯುವ ಪ್ಲಾಸ್ಟಿಕ್ಕಿನವು. ಮರದ ಸ್ಲೀಪರು ಕಣ್ಣಿಗೆ ಚೆಂದ, ಗೆದ್ದಲಿಗೆ ಇನ್ನೂ ಚೆಂದ. ನಮ್ಮ ಕಡೆ ಅದರ ಯೋಚನೆ ಬಿಡಿ.

ಬಾಗಿಸಿದಾಗ ಒಳಬದಿಯ ಹಳಿ ಉದ್ದವಾಗಿ ಚಾಚಿಕೊಳ್ಳುತ್ತದೆ. ಅದನ್ನು ಸಣ್ಣ ಹಲ್ಲಿನ ಆಕ್ಸಾ ಬ್ಲೇಡಿನಿಂದ ಕತ್ತರಿಸಿ, ಅರದಿಂದ ಮೂರೂ ಬದಿ ಉಜ್ಜಿ. ಬೆರಳು ಸವರಿದಾಗ ತಡೆಯಬಾರದು. ತಿರುವಿನಲ್ಲಿ ಎರಡೂ ಹಳಿಗಳ ಸಂದು ಎದುರುಬದುರು ಬರದಂತೆ ಒಂದನ್ನು ಸ್ವಲ್ಪ ಮುಂದೆ ಸರಿಸಿ. ಹಾಗಿಲ್ಲದಿದ್ದರೆ ಸಂದಿನಲ್ಲಿ ಹಳಿ ಮೊಣಕೈಯಂತೆ ಮುರಿದು ನಿಲ್ಲುತ್ತದೆ.

ಬಿಸಿಲಿನ ಲೆಕ್ಕ ಮರೆಯಬೇಡಿ. 10 ಮೀಟರ್ ಹಿತ್ತಾಳೆ ಹಳಿ, ತಾಪ 40 ಡಿಗ್ರಿ ಏರಿದರೆ ಏಳೂವರೆ ಮಿಲಿಮೀಟರಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಜನವರಿಯ ಬೆಳಗ್ಗಿನ ಹಳಿಗೂ ಏಪ್ರಿಲ್ ಮಧ್ಯಾಹ್ನದ ಹಳಿಗೂ ಅಷ್ಟು ವ್ಯತ್ಯಾಸ ನಮ್ಮಲ್ಲಿ ಸಾಮಾನ್ಯ. ಹಿಗ್ಗಲು ಜಾಗವಿಲ್ಲದ ಹಳಿ ಹಾವಿನಂತೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ತಂಪುಹೊತ್ತಿನಲ್ಲಿ ಹಾಸುವುದಾದರೆ ಪ್ರತಿ ಸಂದಿನಲ್ಲಿಯೂ ಒಂದು ಮಿಲಿಮೀಟರ್ ಬಿಡಿ. ನನ್ನ ಅಳತೆಗೋಲು ಹಳೆಯ ಮದುವೆ ಪತ್ರಿಕೆ: ದಪ್ಪ ಕಾರ್ಡನ್ನು ಎರಡು ಮಡಿಕೆ ಮಾಡಿ ಸಂದಿಗೆ ಸಿಕ್ಕಿಸಿ, ಎರಡು ತುಂಡುಗಳನ್ನು ಕೂಡಿಸುವ ಫಿಷ್‌ಪ್ಲೇಟ್ ಕೂರಿಸಿ, ಆಮೇಲೆ ಕಾರ್ಡು ಎಳೆದುಕೊಳ್ಳಿ. ನಡುಮಧ್ಯಾಹ್ನ ಹಾಸುವುದಾದರೆ ಸಂದು ಬಹುತೇಕ ಮುಚ್ಚಿಯೇ ಇರಲಿ.

ಬ್ಲಾಕಿಗೆ ಹಳಿಯನ್ನು ಬಿಗಿಯಲು ಅರ್ಧ ಮೀಟರಿಗೊಂದು ಸ್ಕ್ರೂ ಸಾಕು. ಬ್ಲಾಕಿನಲ್ಲಿ ತೂತು ಕೊರೆದು ಪ್ಲಾಸ್ಟಿಕ್ ಪ್ಲಗ್ ಹಾಕಿ, ಸ್ಲೀಪರಿನ ತೂತನ್ನು ಸ್ಕ್ರೂಗಿಂತ ಸ್ವಲ್ಪ ದೊಡ್ಡದು ಮಾಡಿ, ಪೂರ್ತಿ ಬಿಗಿಯದೆ ಅರ್ಧ ಸುತ್ತು ಸಡಿಲ ಬಿಡಿ. ಹಳಿಗೆ ಉಸಿರಾಡಲು ಎಡೆ ಬೇಕು.

ಇಷ್ಟಾದ ಮೇಲೆ ಎಂಜಿನ್ ತರಬೇಡಿ. ನಿಮ್ಮಲ್ಲಿರುವ ಅತಿ ಕೆಟ್ಟ ಬೋಗಿಯನ್ನು ತನ್ನಿ. ಅದನ್ನು ಬೆರಳಿನಿಂದ ತಳ್ಳುತ್ತಾ ಇಡೀ ಸುತ್ತು ನಡೆಯಿರಿ, ಆಮೇಲೆ ಹಿಮ್ಮುಖವಾಗಿ ಇನ್ನೊಮ್ಮೆ. ತಡೆದ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿ, ರಸಮಟ್ಟವನ್ನು ಹಳಿಗಳ ಮೇಲೆ ಅಡ್ಡ ಇಟ್ಟು ನೋಡಿ, ತಗ್ಗಿದ ಕಡೆ ಸ್ಲೀಪರಿನ ಕೆಳಗೆ ತೆಳು ಪ್ಲಾಸ್ಟಿಕ್ ಚೂರು ಸೇರಿಸಿ. ನಂತರ ಅತಿ ಉದ್ದದ ಬೋಗಿಯ ನಡುವಿಗೂ ತುದಿಗೂ ಪೆನ್ಸಿಲ್ ಕಟ್ಟಿ ತಿರುವುಗಳಲ್ಲಿ ತಳ್ಳಿ. ಪೆನ್ಸಿಲ್ ಎಳೆದ ಗೆರೆಯಿಂದ ಒಂದೂವರೆ ಸೆಂ.ಮೀ. ಆಚೆಗೇ ಗೋಡೆ, ಕಲ್ಲು, ಗಿಡ, ಸಿಗ್ನಲ್ ಕಂಬ.

ಜಲ್ಲಿ ಕೊನೆಗೆ. ನಿಜವಾದ ದಾರಿಯ 50 ಮಿ.ಮೀ. ಜಲ್ಲಿ 1:19ರಲ್ಲಿ ಮೂರು ಮಿಲಿಮೀಟರಿಗಿಂತ ಕಡಿಮೆ. ಕಟ್ಟಡದ ಬೇಬಿ ಜಲ್ಲಿಯನ್ನು ಜರಡಿ ಹಿಡಿದು 3ರಿಂದ 6 ಮಿ.ಮೀ.ವರೆಗಿನದನ್ನು ಇಟ್ಟುಕೊಂಡು, ಪುಡಿಯನ್ನು ಬಿಟ್ಟುಬಿಡಿ. ಸಿಮೆಂಟ್ ಬೆರೆಸಿ ಗಟ್ಟಿ ಮಾಡಬಹುದು ಎಂದು ಹಲವರು ಹೇಳುತ್ತಾರೆ. ನಾನೂ ಮಾಡಿದೆ, ಹಳಿ ಸರಿಪಡಿಸಬೇಕಾದಾಗ ಉಳಿ ಹಿಡಿದು ಕುಳಿತೆ. ಈಗ ಅಂಚಿಗೆ ಮಾತ್ರ ಸಿಮೆಂಟು, ನಡುವೆ ಸಡಿಲ ಜಲ್ಲಿ. ಜೋರು ಮಳೆಗೆ ಕೊಂಚ ಕೊಚ್ಚಿಹೋಗುತ್ತದೆ, ಒಂದು ಬೊಗಸೆ ಮತ್ತೆ ಸುರಿದರಾಯಿತು.

ಎಂಜಿನ್ನಿಗೆ ಬಲ ಎಲ್ಲಿಂದ

ಮೂರು ದಾರಿಗಳಿವೆ. ಹಳಿಯಲ್ಲಿಯೇ ವಿದ್ಯುತ್ ಹರಿಸುವುದು ಒಂದು. ಸಾಮಾನ್ಯವಾಗಿ 18ರಿಂದ 24 ವೋಲ್ಟ್. ಒಳಾಂಗಣಕ್ಕೆ ಇದು ಸೊಗಸು. ಹೊರಗೆ ಹಳಿ ದಿನವೂ ಕಪ್ಪಾಗುತ್ತದೆ, ಪ್ರತಿ ಸಂದಿನಲ್ಲಿಯೂ ವಿದ್ಯುತ್ ಹರಿಯುತ್ತಿರಬೇಕು, ಓಡಿಸುವ ಮೊದಲು ಇಡೀ ಸುತ್ತು ಉಜ್ಜಬೇಕು. ನಾನು ಶಿಫಾರಸು ಮಾಡುವುದಿಲ್ಲ.

ಎರಡನೆಯದು ಎಂಜಿನ್ನಿನ ಒಳಗೇ ಬ್ಯಾಟರಿ, ಕೈಯಲ್ಲಿ ರೇಡಿಯೋ ನಿಯಂತ್ರಕ. ಹಳಿಯ ಮೇಲೆ ಧೂಳಿರಲಿ, ಎಲೆ ಇರಲಿ, ಅದು ಓಡುತ್ತದೆ. ಪಕ್ಕದ ಮನೆಯ ಮಗುವಿನ ಕೈಗೂ ಧೈರ್ಯವಾಗಿ ಕೊಡಬಹುದು. ಹೊಸಬರು ಇದರಿಂದಲೇ ಶುರುಮಾಡಿ. ಲಿಥಿಯಂ ಬ್ಯಾಟರಿಯ ಎಂಜಿನ್ನನ್ನು ಬಿಸಿಲಲ್ಲಿ ನಿಲ್ಲಿಸಿ ಊಟಕ್ಕೆ ಹೋಗಬೇಡಿ, ಅಷ್ಟೇ.

ಮೂರನೆಯದು ನಿಜವಾದ ಉಗಿ. ಇದಕ್ಕೆ ತರ್ಕವಿಲ್ಲ. ಎರಡನೇ ವರ್ಷ ನೀವೂ ಇಲ್ಲಿಗೆ ಬರುತ್ತೀರಿ.

ಉಗಿ ಏರಿಸುವ ಕ್ರಮ

ನಾನು ಹೇಳುತ್ತಿರುವುದು ಬ್ಯುಟೇನ್ ಅನಿಲದಿಂದ ಉರಿಯುವ ಪುಟ್ಟ ಎಂಜಿನ್ನಿನ ಬಗ್ಗೆ. ಬಾಯ್ಲರನ್ನು ಸಿದ್ಧವಾಗಿ, ಒತ್ತಡ ಪರೀಕ್ಷೆ ಆಗಿರುವುದನ್ನೇ ಕೊಳ್ಳಿ. ಮನೆಯಲ್ಲಿ ಬೆಸೆದು ನೋಡುವ ಸಾಮಾನು ಅದಲ್ಲ. ಎಂಜಿನ್ನಿನ ಕೈಪಿಡಿ ಏನು ಹೇಳುತ್ತದೋ ಅದು ನನ್ನ ಮಾತಿಗಿಂತ ಮೇಲು.

ಮೊದಲು ಎಣ್ಣೆ. ಹಿಂದಿನ ಓಟದ ನೀರು ಎಣ್ಣೆಪಾತ್ರೆಯ ತಳದಲ್ಲಿ ನಿಂತಿರುತ್ತದೆ, ಅದನ್ನು ಸಿರಿಂಜಿನಿಂದ ಹೀರಿ ತೆಗೆದು, ಉಗಿ ಎಂಜಿನ್ನಿಗೆಂದೇ ಬರುವ ದಪ್ಪ ಎಣ್ಣೆ ತುಂಬಿ. ಸ್ಕೂಟರಿನ ಎಣ್ಣೆ ಇಲ್ಲಿ ನಡೆಯುವುದಿಲ್ಲ. ಉಗಿಯ ಬಿಸಿಗೆ ತೆಳುವಾಗಿ ಸಿಲಿಂಡರಿನಿಂದ ತೊಳೆದುಹೋಗುತ್ತದೆ. ಚಕ್ರದ ಅಚ್ಚು, ಕಡ್ಡಿಗಳ ಕೀಲುಗಳಿಗೆ ಮಾತ್ರ ತೆಳು ಎಣ್ಣೆ ಒಂದೊಂದು ಹನಿ.

ಆಮೇಲೆ ನೀರು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಬಿಳಿ ಹೊಪ್ಪಳಿಕೆ ಬಾಯ್ಲರಿನೊಳಗೆ ಕಟ್ಟಿದರೆ ಕೆರೆದು ತೆಗೆಯಲು ಕೈ ಹೋಗುವುದಿಲ್ಲ. ನಾನು ಬಳಸುವುದು ಮಳೆನೀರು. ಮಹಡಿ ಎರಡು ಮಳೆಗೆ ತೊಳೆದುಹೋದ ಮೇಲೆ ಮೂರನೆಯ ಮಳೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಬಾಟಲಿಗಳಲ್ಲಿ ಇಟ್ಟುಕೊಳ್ಳುತ್ತೇನೆ, ವರ್ಷಕ್ಕಾಗುತ್ತದೆ. ಬ್ಯಾಟರಿಗೆ ಹಾಕುವ ನೀರಿನ ಬಾಟಲಿಯತ್ತ ಕೈ ಚಾಚುವ ಮುನ್ನ ಕೈಪಿಡಿ ನೋಡಿ. ಖನಿಜಾಂಶವನ್ನು ಪೂರ್ತಿ ತೆಗೆದ ನೀರು ಬೇಡವೆನ್ನುವ ತಯಾರಕರಿದ್ದಾರೆ. ಬಾಯ್ಲರನ್ನು ಪೂರ್ತಿ ತುಂಬಿ, ಸಿರಿಂಜಿನಿಂದ ಸುಮಾರು 30 ಮಿ.ಲೀ. ಹಿಂದಕ್ಕೆ ಎಳೆದುಕೊಳ್ಳಿ. ಅದು ಉಗಿ ಕೂಡಿಕೊಳ್ಳುವ ಜಾಗ. ಬಿಟ್ಟುಕೊಡದಿದ್ದರೆ ಚಿಮಣಿಯಿಂದ ಕಾರಂಜಿ.

ಅನಿಲ ಕೊನೆಗೆ, ಅದೂ ಹತ್ತು ಹೆಜ್ಜೆಯೊಳಗೆ ಎಲ್ಲಿಯೂ ಬೆಂಕಿ ಇಲ್ಲದಾಗ. ಉರಿಯುತ್ತಿರುವ ಇನ್ನೊಂದು ಎಂಜಿನ್ನೂ ಬೆಂಕಿಯೇ, ದೇವರ ಮುಂದಿಟ್ಟ ಊದುಬತ್ತಿಯೂ ಬೆಂಕಿಯೇ. ಡಬ್ಬಿಯನ್ನು ತಲೆಕೆಳಗು ಮಾಡಿ ಒತ್ತಿ, ಕವಾಟದಿಂದ ಬಿಳಿ ಹನಿಗಳು ಸಿಡಿದಾಗ ನಿಲ್ಲಿಸಿ. ಚಳಿದೇಶದವರು ಅನಿಲಪಾತ್ರೆ ತಣ್ಣಗಾಗಿ ಉರಿ ಕುಗ್ಗುತ್ತದೆಂದು ಅದನ್ನು ಉಗುರುಬೆಚ್ಚನೆ ನೀರಿನಲ್ಲಿ ಕೂರಿಸುತ್ತಾರೆ. ನಮ್ಮದು ಅದರ ತಿರುವುಮುರುವು. ಇಲ್ಲಿ ಒತ್ತಡ ಮೊದಲೇ ಹೆಚ್ಚು, ಕವಾಟವನ್ನು ಕೂದಲಷ್ಟು ತೆರೆದರೆ ಸಾಕು. ಒಂದು ಓಟ ಮುಗಿದು ಬಿಸಿಯಾಗಿರುವ ಎಂಜಿನ್ನಿಗೆ ಅನಿಲ ಸರಿಯಾಗಿ ಇಳಿಯುವುದೂ ಇಲ್ಲ. ತಣಿಯುವವರೆಗೆ ಕಾಫಿ ಕುಡಿಯಿರಿ.

ಐದು ನಿಮಿಷ ಬಿಟ್ಟು, ಸುತ್ತಲಿನ ಅನಿಲ ಹಾರಿಹೋದ ಮೇಲೆ ಕವಾಟ ತುಸು ತೆರೆದು ಚಿಮಣಿಯ ಬಾಯಿಗೆ ಉದ್ದ ಲೈಟರ್ ಹಿಡಿಯಿರಿ. ಮುಖ ದೂರವಿರಲಿ. 'ಪುಫ್' ಎಂದು ಉರಿ ಒಳಗೆ ಇಳಿದು, ಸಣ್ಣಗೆ ಗುಂಯ್‌ಗುಡುತ್ತದೆ. ಅದು ಸ್ಟೌವಿನಂತೆ ಆರ್ಭಟಿಸುತ್ತಿದ್ದರೆ ಅನಿಲ ಹೆಚ್ಚಾಗಿದೆ, ತಗ್ಗಿಸಿ. ಐದಾರು ನಿಮಿಷಕ್ಕೆ ಒತ್ತಡದ ಮುಳ್ಳು ಏಳುತ್ತದೆ. ಇಂಥ ಹಲವು ಎಂಜಿನ್ನುಗಳ ಸುರಕ್ಷತಾ ಕವಾಟ ಚದರ ಇಂಚಿಗೆ 40 ಪೌಂಡಿನ ಆಸುಪಾಸಿನಲ್ಲಿ ತೆರೆಯುತ್ತದೆ. ಅದು 'ಸುಂಯ್' ಎಂದು ಬಿಟ್ಟು ಮತ್ತೆ ಮುಚ್ಚಿಕೊಳ್ಳುವುದನ್ನು ಪ್ರತಿ ಓಟದಲ್ಲಿಯೂ ಒಮ್ಮೆಯಾದರೂ ಕಣ್ಣಾರೆ ನೋಡಿ.

ಈಗ ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ತೆರೆದರೆ ಎಂಜಿನ್ನು ತಕ್ಷಣ ಓಡುವುದಿಲ್ಲ. ತಣ್ಣನೆ ಸಿಲಿಂಡರಿನಲ್ಲಿ ಉಗಿ ನೀರಾಗುತ್ತದೆ, ಆ ನೀರು ದಾರಿ ಕಟ್ಟುತ್ತದೆ. ಬಟ್ಟೆ ಹಿಡಿದು ಎಂಜಿನ್ನನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತಳ್ಳಿ. ಅದು ಗುಳುಗುಳು ಎಂದು ಚಿಮಣಿಯಿಂದ ಕರಿ ಎಣ್ಣೆನೀರನ್ನು ಉಗುಳುತ್ತದೆ. ಬಟ್ಟೆ ಒಣಹಾಕುವ ತಂತಿಯ ಕಥೆ ಇಲ್ಲಿಗೆ ಬಂತು: ನನ್ನ ಮೊದಲ ಉಗಿಯ ದಿನ ಅಮ್ಮನ ಕೆನೆಬಣ್ಣದ ಸೀರೆ ಆ ತಂತಿಯ ಮೇಲಿತ್ತು. ಮರುದಿನವೇ ಉಗಿ ಏರಿಸುವ ಜಾಗವನ್ನು ಹಿತ್ತಿಲ ಇನ್ನೊಂದು ಮೂಲೆಗೆ ಸಾಗಿಸಿದೆ. ತಂತಿ ಅಲ್ಲೇ ಇದೆ.

ಒಂದು ತುಂಬಿಗೆಗೆ 20ರಿಂದ 30 ನಿಮಿಷ ಓಟ. ನೀರಿಗಿಂತ ಮೊದಲು ಅನಿಲ ಮುಗಿಯುವಂತೆ ಈ ಎಂಜಿನ್ನುಗಳನ್ನು ಮಾಡಿರುತ್ತಾರೆ. ಆದ್ದರಿಂದ ನೀರು ತುಂಬದೆ ಅನಿಲ ಮಾತ್ರ ತುಂಬಿ ಮತ್ತೆ ಹೊತ್ತಿಸುವುದು ಬಾಯ್ಲರನ್ನು ಕೊಲ್ಲುವ ನೇರ ದಾರಿ. ಒತ್ತಡ ಪೂರ್ತಿ ಇಳಿಯದೆ ನೀರಿನ ಮುಚ್ಚಳಕ್ಕೆ ಕೈ ಹಾಕಬೇಡಿ.

ಸುತ್ತು ಹೊಡೆಸುವುದಲ್ಲ, ಓಡಿಸುವುದು

ಮೊದಲ ವಾರ ಗಾಡಿ ಸುತ್ತುವುದನ್ನೇ ನೋಡುತ್ತಾ ಕುಳಿತಿರುತ್ತೀರಿ. ಮೂರನೇ ವಾರಕ್ಕೆ ಬೇಸರ. ಆಗ ಮಾಡಬೇಕಾದದ್ದು ವೇಗ ತಗ್ಗಿಸುವುದು. ನ್ಯಾರೋಗೇಜ್ ಗಾಡಿ ಗಂಟೆಗೆ 20 ಕಿ.ಮೀ. ಓಡಿದರೆ ದೊಡ್ಡದು. 1:19ರಲ್ಲಿ ಅದು ಸೆಕೆಂಡಿಗೆ 29 ಸೆಂ.ಮೀ.; ನನ್ನ 30 ಮೀಟರ್ ಸುತ್ತಿಗೆ ಒಂದೂ ಮುಕ್ಕಾಲು ನಿಮಿಷ. ಗಡಿಯಾರ ಹಿಡಿದು ನೋಡಿ, ನೀವು ಅದರ ಎರಡರಷ್ಟು ವೇಗದಲ್ಲಿ ಓಡಿಸುತ್ತಿರುತ್ತೀರಿ.

ಮುಂದೆ, ನಿಮ್ಮ ರೈಲಿಗೆ ಏನು ಕೆಲಸ ಎಂದು ಕೇಳಿಕೊಳ್ಳಿ. ನನ್ನದು ಶಿಡ್ಲಘಟ್ಟದ ಕಡೆಯಿಂದ ರೇಷ್ಮೆಗೂಡು, ಚಿಕ್ಕಬಳ್ಳಾಪುರದಿಂದ ಆಲೂಗಡ್ಡೆ, ಎರಡು ಬೋಗಿ ಜನ, ಎಲ್ಲವನ್ನೂ ಒಟ್ಟಿಗೆ ಎಳೆಯುವ ಮಿಶ್ರ ಗಾಡಿ. ಸರಕಿನ ಬೋಗಿಗೊಂದೊಂದು ಚೀಟಿ: ಎಲ್ಲಿಂದ, ಎಲ್ಲಿಗೆ. ಚೀಟಿ ಕಲಸಿ ಎತ್ತಿದಂತೆ ಬೋಗಿ ಬಿಡಬೇಕು, ಕೂಡಿಸಿಕೊಳ್ಳಬೇಕು. ಒಂದೇ ಕವಲಿನ ನಿಲ್ದಾಣದಲ್ಲಿ ಮೂರು ಬೋಗಿಗಳನ್ನು ಹಿಂದುಮುಂದು ಮಾಡಲು ಅರ್ಧ ಗಂಟೆ ಹಿಡಿಯುತ್ತದೆ, ಗೊತ್ತೇ ಆಗುವುದಿಲ್ಲ. ಬೋಗಿಗೆ ತುಂಬಿದ ಪುಟ್ಟ ಚೀಲಗಳಲ್ಲಿ ಮೊದಲು ನಿಜವಾದ ರಾಗಿ ಹಾಕಿದ್ದೆ. ಇರುವೆಗಳು ಎರಡು ದಿನದಲ್ಲಿ ಸರಕು ಇಳಿಸಿಕೊಂಡು ಹೋದವು. ಈಗ ಮರಳು ತುಂಬಿದ್ದೇನೆ, ಬೋಗಿಗೆ ಭಾರವೂ ಆಯಿತು.

ಎರಡು ಎಂಜಿನ್ನುಗಳಿದ್ದರೆ ಟೋಕನ್ ಇಟ್ಟುಕೊಳ್ಳಿ. ಒಂಟಿ ಹಳಿಯ ದಾರಿಯಲ್ಲಿ ಡ್ರೈವರ್ ಕೈಯಲ್ಲಿ ಟೋಕನ್ ಇಲ್ಲದೆ ಮುಂದಿನ ನಿಲ್ದಾಣದ ಕಡೆಗೆ ಹೊರಡುವಂತಿಲ್ಲ ಎಂಬುದು ಹಳೆಯ ನಿಯಮ; ಬೆತ್ತದ ದೊಡ್ಡ ಬಳೆಗೆ ಚೀಲ ಕಟ್ಟಿ ಅದರಲ್ಲಿ ಲೋಹದ ಗುಂಡು ಇಡುತ್ತಿದ್ದರು. ನಮ್ಮ ಟೋಕನ್ ಅಕ್ಕನ ಹಳೆಯ ಕಂಚಿನ ಬಳೆ. ಒಮ್ಮೆ ಅದನ್ನು ಜೇಬಲ್ಲೇ ಮರೆತು ಎದುರು ದಿಕ್ಕಿನ ಗಾಡಿಗೆ ದಾರಿ ಬಿಟ್ಟೆ ಎಂದುಕೊಂಡು ನಾನು ಹೊರಟಾಗ, ಅಕ್ಕನ ಮಗ ಬಾವಿಕಟ್ಟೆಯ ಬಳಿಯಿಂದ ಕೂಗಿದ: "ಮಾವ, ಟೋಕನ್ ನಿಮ್ಮ ಹತ್ತಿರವೇ ಇದ್ದರೆ ನಾನು ಹೇಗೆ ಬರುವುದು? ನಾನಾಗಲೇ ಬರುತ್ತಿದ್ದೇನೆ!" ನುಗ್ಗೆಮರದ ಕೆಳಗೆ ಎರಡೂ ಎಂಜಿನ್ನುಗಳು ಮೂಗಿಗೆ ಮೂಗು ತಾಗಿಸಿ ನಿಂತವು. ಒಂದು ಬಫರ್ ಡೊಂಕಾಯಿತು, ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಗಿಡ, ಕಟ್ಟಡ

ಎಲೆ ಸಣ್ಣದಿದ್ದಷ್ಟೂ ಮರ ದೊಡ್ಡದಾಗಿ ಕಾಣುತ್ತದೆ. ಜೇಡ್ ಗಿಡವನ್ನು ಕತ್ತರಿಸುತ್ತಾ ಬಂದರೆ ಆಲದ ಮರದ ಠೀವಿ ಬರುತ್ತದೆ. ನೆಲಕ್ಕೆ ಒಂದೆಲಗ, ಬಿಸಿಲ ಕಡೆ ಟೇಬಲ್ ರೋಸ್. ಗರಿಕೆಯನ್ನು ಮಾತ್ರ ಹಳಿಯ ಹತ್ತಿರ ಬಿಟ್ಟುಕೊಳ್ಳಬೇಡಿ. ಗಣಪತಿಗೆ ಪ್ರಿಯವಾದದ್ದು ಗ್ಯಾಂಗ್‌ಮನ್ನಿಗೆ ಪ್ರಿಯವಲ್ಲ. ನನಗೆ ಅತ್ಯಂತ ಒಳ್ಳೆಯ ಮರ ಸಿಕ್ಕಿದ್ದು ಪುಕ್ಕಟೆ: ಮಳೆಗೆ ಪ್ಲಾಟ್‌ಫಾರಂ ಅಂಚಿನಲ್ಲಿ ತಾನಾಗಿ ಎದ್ದ ಕಿರುನೆಲ್ಲಿ. ಒಂದು ಗೇಣು ಎತ್ತರ, ಹರಡಿದ ರೆಂಬೆ, ಎಲೆಯಡಿಯಲ್ಲಿ ಸಾಸಿವೆಗಿಂತ ತುಸು ದಪ್ಪ ಕಾಯಿ. ನೆಲಕ್ಕೆ ಕಣ್ಣಿಟ್ಟು ನೋಡಿದರೆ ನಿಲ್ದಾಣಕ್ಕೆ ನೆರಳು ಕೊಡುವ ನಿಜವಾದ ನೆಲ್ಲಿಮರ.

ನಿಲ್ದಾಣಕ್ಕೆ ನಂದಿ ಹಾಲ್ಟಿನ ಕಲ್ಲುಕಟ್ಟಡ ನನ್ನ ಮಾದರಿ. ಗ್ರಾನೈಟ್ ಚಕ್ಕೆಗಳನ್ನು ಗಾರೆಯಲ್ಲಿ ಕೂರಿಸಿದೆ. ರಟ್ಟು, ಪ್ಲೈವುಡ್ ಎರಡೂ ಒಂದು ಮಳೆಗಾಲ ಬಾಳುವುದಿಲ್ಲ.

ಗ್ಯಾಂಗ್‌ಮನ್ನಿನ ದಿನಚರಿ

ಬೆಳಿಗ್ಗೆ, ಓಡಿಸುವ ಮೊದಲು ಪೇಂಟಿನ ಹಳೆ ಬ್ರಷ್ ಹಿಡಿದು ಇಡೀ ದಾರಿ ನಡೆಯಿರಿ. ಎಲೆ, ಜೇಡರ ಬಲೆ, ಬಸವನಹುಳು. ಪಾಯಿಂಟಿನ ನಾಲಗೆಯ ಸಂದಿನಲ್ಲಿ ಒಂದು ಕಲ್ಲಿನ ಹರಳು ಸಿಕ್ಕಿಕೊಂಡಿದ್ದರೂ ಗಾಡಿ ಅಲ್ಲಿ ಮಲಗುತ್ತದೆ, ಟೂತ್‌ಬ್ರಷ್‌ನಿಂದ ಕೆರೆಯಿರಿ. ಹೊಸ ಮಣ್ಣಿನ ಗುಪ್ಪೆ ಕಂಡರೆ ಇರುವೆ ಬಂದಿದೆ ಎಂದರ್ಥ. ಅಲ್ಲಿಯ ಜಲ್ಲಿ ಎತ್ತಿ ಬಿಸಿನೀರು ಹುಯ್ದು ಮತ್ತೆ ತುಂಬಿ. ಹೆಗ್ಗಣ ಕಟ್ಟೆಯ ಬುಡ ತೋಡುತ್ತಿದ್ದರೆ ಬಿಲಕ್ಕೆ ಒಡೆದ ಜಲ್ಲಿ ತುರುಕಿ ಗಾರೆ ಮುಚ್ಚಿ.

ಮುಂಗಾರಿಗೆ ಮುಂಚೆ ಪಿವಿಸಿ ತೂತುಗಳಿಗೆಲ್ಲ ಕಡ್ಡಿ ಆಡಿಸಿ, ಬೇಸಿಗೆಗೆ ಮುಂಚೆ ಸಂದುಗಳಿಗೆ ಮದುವೆ ಪತ್ರಿಕೆ ತೂರಿಸಿ ನೋಡಿ. ಬೋಗಿಗಳನ್ನು ರಾತ್ರಿ ಹೊರಗೆ ಬಿಡಬೇಡಿ. ನಮ್ಮಲ್ಲಿ ಅವು ಹಳೆಯ ಚಪ್ಪಲಿ ಸ್ಟ್ಯಾಂಡಿನ ಮೂರು ಅಂಕಣಗಳಲ್ಲಿ ಮಲಗುತ್ತವೆ.

ಸಂಜೆ ಕೊನೆಯ ಗಾಡಿ ಬಂದ ಮೇಲೆ ಎಂಜಿನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಅನಿಲ ಕವಾಟ ಮುಚ್ಚಿ, ಒತ್ತಡದ ಮುಳ್ಳು ಸೊನ್ನೆಗೆ ಇಳಿಯುವವರೆಗೆ ಕಾಯಿರಿ. ಎಣ್ಣೆಪಾತ್ರೆಯ ನೀರು ತೆಗೆಯಿರಿ, ಬೆಚ್ಚಗಿರುವಾಗಲೇ ಮೈ ಒರೆಸಿ. ತಣಿದ ಮೇಲೆ ಎಣ್ಣೆ ಅಂಟಾಗಿ ಬಟ್ಟೆಗೆ ಬರುವುದಿಲ್ಲ. ಬಾಯ್ಲರಿನಲ್ಲಿ ಉಳಿದ ನೀರನ್ನು ಸಿರಿಂಜಿನಿಂದ ಎಳೆದು ಒಂದೆಲಗಕ್ಕೆ ಹಾಕಿಬಿಡಿ. ಮುಚ್ಚಳವನ್ನು ಸಡಿಲವಾಗಿ ಬಿಟ್ಟು ಒಳಗೆ ಗಾಳಿಯಾಡಲು ಬಿಡಿ, ಮತ್ತು ಪೆಟ್ಟಿಗೆಗೆ ಇಡುವ ಮುನ್ನ ಅನಿಲಪಾತ್ರೆಯ ಬಳಿ ಒಮ್ಮೆ ಮೂಸಿ ನೋಡಿ.